ವಿನೆಟ್ ಕ್ಯಾರೊಲ್: ಬಾಗಿಲು ತೆರೆಯಲಿ ಅಂತ ಕಾಯದೆ ಮನೆಯನ್ನೇ ಕಟ್ಟಿದಾಕೆ

1972ರ ಏಪ್ರಿಲ್ 19. ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ‘ಡೋಂಟ್ ಬಾದರ್ ಮಿ, ಐ ಕಾಂಟ್ ಕೋಪ್’ ಎಂಬ ಸಂಗೀತ ನಾಟಕದ ಮೊದಲ ಪ್ರದರ್ಶನ. ನಿರ್ದೇಶಕಿ ವಿನೆಟ್ ಕ್ಯಾರೊಲ್. ಬ್ರಾಡ್‌ವೇಯಲ್ಲಿ ನಿರ್ದೇಶನ ಮಾಡಿದ ಮೊದಲ ಕಪ್ಪು ಮಹಿಳೆ. ಆಗ ಅವರಿಗೆ 50 ವರ್ಷ.

ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ‘ಮೊದಲ’ ಅನ್ನೋ ಪದದ ಹತ್ತಿರವೇ ನಿಂತುಬಿಡ್ತಾರೆ. ಆದರೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅಲ್ಲಿಗೆ ತಲುಪೋಕೆ 50 ವರ್ಷ ಯಾಕಾಯ್ತು? ಅವರ ಹಿಂದೆ ಎಷ್ಟು ಜನ ಬಂದರು?

ಕ್ಯಾರೊಲ್ ಹುಟ್ಟಿದ್ದು 1922ರಲ್ಲಿ, ನ್ಯೂಯಾರ್ಕ್‌ನಲ್ಲಿ. ಬಾಲ್ಯದ ಕೆಲ ವರ್ಷ ಜಮೈಕಾದಲ್ಲಿ ಕಳೆಯಿತು. ಅಪ್ಪ ದಂತವೈದ್ಯ, ಮಗಳೂ ಡಾಕ್ಟರ್ ಆಗಲಿ ಅನ್ನೋದು ಅವರ ಆಸೆ. ಮಗಳು ಒಂದು ರಾಜಿ ಮಾಡಿಕೊಂಡರು, ಮನಃಶಾಸ್ತ್ರ ಓದಿದರು. 1944ರಲ್ಲಿ ಪದವಿ, ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ. ನಗರದ ಶಾಲಾ ಮಕ್ಕಳಿಗೆ ನೆರವಾಗುವ ಮನಃಶಾಸ್ತ್ರಜ್ಞೆಯ ಕೆಲಸವೂ ಸಿಕ್ಕಿತು. ಭದ್ರವಾದ ನೌಕರಿ, ಗೌರವದ ಬದುಕು. ಎಂಜಿನಿಯರಿಂಗ್ ಮುಗಿಸಿ ಬೇರೆ ದಾರಿ ಹಿಡಿದ ನನ್ನಂಥವರಿಗೆ ಮುಂದಿನ ಕತೆ ಹೇಳಬೇಕಿಲ್ಲ. 1948ರ ಹೊತ್ತಿಗೆ ಅವರು ಜರ್ಮನಿಯ ರಂಗಕರ್ಮಿ ಎರ್ವಿನ್ ಪಿಸ್ಕಾಟರ್ ನಡೆಸುತ್ತಿದ್ದ ಶಾಲೆಯಲ್ಲಿ ನಟನೆ ಕಲಿಯುತ್ತಿದ್ದರು. ರಾಜಕೀಯ ರಂಗಭೂಮಿಯ ಪಾಠ ಸಿಕ್ಕಿದ್ದು ಅಲ್ಲೇ.

ತರಬೇತಿಯೇನೋ ಸಿಕ್ಕಿತು. ಪಾತ್ರಗಳು? ಕಪ್ಪು ನಟಿಯರಿಗೆ ಆಗ ಸಿಗುತ್ತಿದ್ದದ್ದು ಹೆಚ್ಚಾಗಿ ಮನೆಗೆಲಸದವಳ ಪಾತ್ರ. ಕ್ಯಾರೊಲ್ ಒಬ್ಬರೇ ನಿಂತು ಆಡುವ ಏಕವ್ಯಕ್ತಿ ಪ್ರದರ್ಶನ ಕಟ್ಟಿಕೊಂಡು ಅಮೆರಿಕ, ವೆಸ್ಟ್ ಇಂಡೀಸ್ ಸುತ್ತಿದರು. 1955ರಿಂದ ಹನ್ನೊಂದು ವರ್ಷ ನ್ಯೂಯಾರ್ಕ್‌ನ ಹೈಸ್ಕೂಲ್ ಆಫ್ ಪರ್ಫಾರ್ಮಿಂಗ್ ಆರ್ಟ್ಸ್‌ನಲ್ಲಿ ಪಾಠ ಮಾಡಿದರು. ನಟಿಯಾಗಿ ಓಬಿ ಪ್ರಶಸ್ತಿ ಬಂತು. 1961ರ ಡಿಸೆಂಬರ್‌ನಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ‘ಬ್ಲ್ಯಾಕ್ ನೇಟಿವಿಟಿ’ಯನ್ನು ನಿರ್ದೇಶಿಸಿದರು. ಯೇಸುವಿನ ಜನನದ ಕತೆಯನ್ನು ಕಪ್ಪು ಚರ್ಚುಗಳ ಗಾಸ್ಪೆಲ್ ಹಾಡುಗಳಲ್ಲಿ ಹೇಳುವ ನಾಟಕ ಅದು. ಯುರೋಪಿನಲ್ಲೂ ಗೆದ್ದಿತು. ಅಮೆರಿಕದ ಎಷ್ಟೋ ಊರುಗಳಲ್ಲಿ ಕ್ರಿಸ್‌ಮಸ್ ಬಂದರೆ ಇವತ್ತಿಗೂ ಅದನ್ನು ಆಡ್ತಾರೆ.

ಇಷ್ಟೆಲ್ಲ ಆದಮೇಲೂ ಬ್ರಾಡ್‌ವೇ ಬಾಗಿಲು ತೆರೆಯಲಿಲ್ಲ.

1967. ನ್ಯೂವಾರ್ಕ್, ಡೆಟ್ರಾಯಿಟ್ ನಗರಗಳು ಹೊತ್ತಿ ಉರಿದ ಬೇಸಿಗೆ. ಅದೇ ವರ್ಷ ಕ್ಯಾರೊಲ್, ನ್ಯೂಯಾರ್ಕ್ ರಾಜ್ಯ ಕಲಾ ಮಂಡಳಿಯ ನೆರವಿನಿಂದ ‘ಅರ್ಬನ್ ಆರ್ಟ್ಸ್ ಕೋರ್’ ಶುರುಮಾಡಿದರು. ಕಪ್ಪು ಮತ್ತು ಪೋರ್ಟೊರಿಕನ್ ಯುವಜನರಿಗೆ ನಟನೆ, ಹಾಡು, ಕುಣಿತ ಕಲಿಸಿ, ಅವರಿಂದಲೇ ನಾಟಕ ಆಡಿಸುವ ತಂಡ. ಇಂಥ ಯೋಜನೆಗಳನ್ನು ಸರ್ಕಾರಗಳು ಸಾಮಾನ್ಯವಾಗಿ ಹುಡುಗರನ್ನು ಬೀದಿಯಿಂದ ದೂರ ಇಡುವ ಖರ್ಚು ಅಂತಲೇ ನೋಡುತ್ತವೆ. ಕ್ಯಾರೊಲ್ ಹಾಗೆ ನೋಡಲಿಲ್ಲ. ಅವರ ಪಾಲಿಗೆ ಇದು ವೃತ್ತಿಪರ ರಂಗಭೂಮಿ, ಶಿಸ್ತಿನಲ್ಲಿ ಒಂದಿಂಚೂ ರಿಯಾಯಿತಿ ಇಲ್ಲ. ಮುಂದೆ ‘ದಿ ಜೆಫರ್‌ಸನ್ಸ್’ ಧಾರಾವಾಹಿಯಿಂದ ಮನೆಮಾತಾದ ಶೆರ್ಮನ್ ಹೆಮ್ಸ್‌ಲಿ ಇಲ್ಲಿ ಪಳಗಿದವರು.

ಬ್ರಾಡ್‌ವೇಗೆ ಹೋದ ನಾಟಕ ಮೊಳೆತದ್ದೂ ಇಲ್ಲೇ. ಮಿಕಿ ಗ್ರಾಂಟ್ ಹಾಡು, ಸಂಗೀತ ಎರಡನ್ನೂ ಬರೆದರು, ಕ್ಯಾರೊಲ್ ಪರಿಕಲ್ಪನೆ ಮತ್ತು ನಿರ್ದೇಶನ ಮಾಡಿದರು. ಅದರಲ್ಲಿ ಕತೆ ಅಂತ ಏನಿಲ್ಲ. ಗಾಸ್ಪೆಲ್, ಜಾಝ್, ಕ್ಯಾಲಿಪ್ಸೊಗಳಲ್ಲಿ ನಗರದ ಕಪ್ಪು ಜನರ ದಿನನಿತ್ಯದ ಬದುಕು, ಸಿಟ್ಟು, ನಗು. ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ಕಪ್ಪು ಹೆಣ್ಣುಮಕ್ಕಳ ನಾಟಕ ಯಾರು ದುಡ್ಡು ಕೊಟ್ಟು ನೋಡ್ತಾರೆ ಅನ್ನೋ ಸಬೂಬು ಅಲ್ಲಿಗೆ ಮುಗಿಯಬೇಕಿತ್ತು. 1976ರಲ್ಲಿ ಮತ್ತಾಯನ ಸುವಾರ್ತೆ ಆಧರಿಸಿದ ‘ಯುವರ್ ಆರ್ಮ್ಸ್ ಟೂ ಶಾರ್ಟ್ ಟು ಬಾಕ್ಸ್ ವಿತ್ ಗಾಡ್’ ಕೂಡ ಬ್ರಾಡ್‌ವೇಗೆ ಬಂದು 400 ಪ್ರದರ್ಶನ ದಾಟಿತು. ನಿರ್ದೇಶನಕ್ಕೆ ಅವರ ಹೆಸರು ಟೋನಿ ಪ್ರಶಸ್ತಿಯ ನಾಮನಿರ್ದೇಶನ ಪಟ್ಟಿ ಸೇರಿತು. ಪ್ರಶಸ್ತಿ ಬರಲಿಲ್ಲ.

ಸಬೂಬು ಮುಗಿಯಿತಾ? ಟೋನಿಯ ನಿರ್ದೇಶನ ವಿಭಾಗದ ಪಟ್ಟಿಯಲ್ಲಿ ಮತ್ತೊಬ್ಬ ಕಪ್ಪು ಮಹಿಳೆ ಕಾಣಿಸಿಕೊಂಡಿದ್ದು 2016ರಲ್ಲಿ, ‘ಎಕ್ಲಿಪ್ಸ್ಡ್’ ನಾಟಕಕ್ಕಾಗಿ ಲೀಸಲ್ ಟಾಮಿ. 2025ರವರೆಗೆ ಆ ಪ್ರಶಸ್ತಿಯನ್ನು ಒಬ್ಬ ಕಪ್ಪು ಮಹಿಳೆಯೂ ಗೆದ್ದಿಲ್ಲ. ಪ್ರತಿಭೆ ಇರಲಿಲ್ಲ ಅಂತ ಇದನ್ನು ವಿವರಿಸೋಕಾಗಲ್ಲ. ಯಾವ ನಾಟಕಕ್ಕೆ ಹಣ ಹಾಕಬೇಕು, ಅದನ್ನು ಯಾರ ಕೈಗೆ ಕೊಡಬೇಕು ಅಂತ ತೀರ್ಮಾನಿಸುವ ಕುರ್ಚಿಗಳು ಬದಲಾಗಲಿಲ್ಲ. ಒಬ್ಬರನ್ನು ಒಳಗೆ ಬಿಟ್ಟು, ಚಪ್ಪಾಳೆ ತಟ್ಟಿ, ಬಾಗಿಲು ಮುಚ್ಚುವುದು ವ್ಯವಸ್ಥೆಗೆ ಬಹಳ ಸುಲಭ.

ಕ್ಯಾರೊಲ್‌ಗೆ ಇದು ಅರ್ಥವಾಗಿತ್ತು ಅನಿಸುತ್ತೆ. ಬ್ರಾಡ್‌ವೇ ಗೆದ್ದ ಮೇಲೂ ಅವರ ಗಮನ ತಂಡ ಕಟ್ಟೋದರ ಮೇಲೇ ಇತ್ತು. 1980ರ ದಶಕದಲ್ಲಿ ಫ್ಲೋರಿಡಾಕ್ಕೆ ಹೋದರು. ಫೋರ್ಟ್ ಲಾಡರ್‌ಡೇಲ್‌ನಲ್ಲಿ ತಮ್ಮ ಹೆಸರಿನ ರೆಪರ್ಟರಿ ಶುರುಮಾಡಿ, ಅರವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿಸತೊಡಗಿದರು. 2002ರ ನವೆಂಬರ್ 5ರಂದು, 80ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಂತ್ರಿ ಸ್ಥಾನ ಇರಲಿ, ನ್ಯಾಯಪೀಠ ಇರಲಿ, ಸಿನಿಮಾ ಸೆಟ್ ಇರಲಿ, ‘ಮೊದಲ ಮಹಿಳೆ’, ‘ಸಮುದಾಯದ ಮೊದಲಿಗರು’ ಅನ್ನೋ ಪೋಸ್ಟ್‌ಗಳನ್ನು ನಾವೂ ಖುಷಿಯಿಂದ ಶೇರ್ ಮಾಡ್ತೀವಿ. ಮಾಡಬೇಕು ಕೂಡ. ಅದರ ಜೊತೆಗೆ ಎರಡನೆಯವರು ಎಲ್ಲಿದ್ದಾರೆ, ಅವರಿಗೆ ತರಬೇತಿ, ಹಣ, ಜಾಗ ಕೊಡ್ತಿರೋರು ಯಾರು ಅಂತಲೂ ಕೇಳೋಣ. ಕ್ಯಾರೊಲ್ ಆ ಕೆಲಸವನ್ನು ತಾವೇ ತಲೆಮೇಲೆ ಹೊತ್ತರು. ಅವರ ಬದುಕಿನಲ್ಲಿ ‘ಮೊದಲ’ ಅನ್ನೋ ಬಿರುದಿಗಿಂತ ತೂಕದ್ದು ಅದೇ.