ವಿಲಿಯಂ ಫೆಲ್ಪ್ಸ್ ಈನೋ (1858–1945): ಸಂಚಾರ ಮಾಹಿತಿಯ ಆದ್ಯ ಪ್ರತಿಪಾದಕರು

ಪ್ರಮುಖ ರಸ್ತೆಗಳಲ್ಲಿನ ವಾಹನ ದಟ್ಟಣೆಯ ಕುರಿತು ಆಯಾ ಕ್ಷಣದ ಮಾಹಿತಿಯನ್ನು ವಿದ್ಯುನ್ಮಾನ ಫಲಕ, ರೇಡಿಯೋ ಹಾಗೂ ಮೊಬೈಲ್ ದೂರವಾಣಿಯ ಮೂಲಕ ಚಾಲಕರಿಗೆ ಒದಗಿಸುವ ವ್ಯವಸ್ಥೆಯು ಇಂದು ಅನೇಕ ನಗರಗಳಲ್ಲಿ ಜಾರಿಯಲ್ಲಿದೆ. ರಸ್ತೆಯಲ್ಲಿರುವವರಿಗೆ ಸಕಾಲದಲ್ಲಿ ತಿಳಿವಳಿಕೆ ದೊರೆತಲ್ಲಿ ದಟ್ಟಣೆ ತಗ್ಗುವುದೆಂಬುದು ಇದರ ಮೂಲತತ್ತ್ವ. ಮೋಟಾರು ವಾಹನಗಳು ವಿರಳವಾಗಿದ್ದ ಕಾಲದಲ್ಲಿಯೇ ಇದನ್ನು ಮನಗಂಡವರು ಅಮೆರಿಕದ ಶ್ರೀ ವಿಲಿಯಂ ಫೆಲ್ಪ್ಸ್ ಈನೋ ಅವರು.

ಶ್ರೀಯುತರು 1858ರ ಜೂನ್ 3ರಂದು ನ್ಯೂಯಾರ್ಕ್ ನಗರದ ಶ್ರೀಮಂತ ಕುಟುಂಬದಲ್ಲಿ ಜನಿಸಿದರು. 1867ರಲ್ಲಿ, ತಮ್ಮ ಒಂಬತ್ತನೆಯ ವಯಸ್ಸಿನಲ್ಲಿ, ತಾಯಿಯವರೊಂದಿಗೆ ಸಾರೋಟಿನಲ್ಲಿ ತೆರಳುತ್ತಿದ್ದಾಗ ದಟ್ಟಣೆಯಲ್ಲಿ ಸಿಲುಕಿದರು. ಅಲ್ಲಿ ಇದ್ದುದು ಸುಮಾರು ಹನ್ನೆರಡು ಕುದುರೆಗಾಡಿಗಳು ಮಾತ್ರ. ಆದಾಗ್ಯೂ ದಾರಿ ಬೇಗನೆ ತೆರವಾಗಲಿಲ್ಲ. ಏನು ಮಾಡಬೇಕೆಂಬುದು ಗಾಡಿ ಹೊಡೆಯುವವರಿಗೂ ತಿಳಿದಿರಲಿಲ್ಲ, ಪೊಲೀಸರಿಗೂ ತಿಳಿದಿರಲಿಲ್ಲ. ಕೊರತೆ ಇರುವುದು ರಸ್ತೆಯದಲ್ಲ, ತಿಳಿವಳಿಕೆಯದು ಎಂಬ ಅಂಶವು ಆ ಬಾಲಕನ ಮನಸ್ಸಿನಲ್ಲಿ ಅಚ್ಚೊತ್ತಿತು.

ಯೇಲ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಅವರು ಕೆಲಕಾಲ ತಂದೆಯವರ ಸ್ಥಿರಾಸ್ತಿ ವ್ಯವಹಾರವನ್ನು ನೋಡಿಕೊಂಡು, ಬಳಿಕ ಅದರಿಂದ ನಿವೃತ್ತರಾಗಿ ಸಂಚಾರ ಸುಧಾರಣೆಗೆ ತಮ್ಮನ್ನು ಮುಡಿಪಾಗಿಟ್ಟರು. 1900ರಲ್ಲಿ ಪತ್ರಿಕಾ ಲೇಖನದ ಮೂಲಕ ಈ ಸುಧಾರಣೆಯ ಅಗತ್ಯವನ್ನು ಸಾರ್ವಜನಿಕರ ಮುಂದಿಟ್ಟರು. ಅವರು ಸಿದ್ಧಪಡಿಸಿದ ಸಂಚಾರ ನಿಯಮಗಳನ್ನು ನ್ಯೂಯಾರ್ಕ್ ನಗರವು 1903ರಲ್ಲಿ ಅಂಗೀಕರಿಸಿತು. ನಿಧಾನವಾಗಿ ಸಾಗುವ ಗಾಡಿಗಳು ರಸ್ತೆಯ ಬಲ ಅಂಚಿನಲ್ಲಿ ಸಾಗತಕ್ಕದ್ದು. ವೇಗ ತಗ್ಗಿಸುವಾಗ ಅಥವಾ ನಿಲ್ಲಿಸುವಾಗ ಕೈ ಇಲ್ಲವೇ ಚಾವಟಿಯನ್ನು ಮೇಲೆತ್ತಿ ಹಿಂದಿನವರಿಗೆ ಸೂಚನೆ ನೀಡತಕ್ಕದ್ದು ಎಂಬುವು ಅವುಗಳಲ್ಲಿ ಸೇರಿದ್ದವು. ಮುಂದಿನ ಸ್ಥಿತಿಯನ್ನು ಹಿಂದಿನವರಿಗೆ ಆ ಕ್ಷಣದಲ್ಲಿಯೇ ತಿಳಿಸುವ ಸರಳ ವಿಧಾನವಿದು. ನಿಯಮಗಳು ಕಡತದಲ್ಲಿಯೇ ಉಳಿಯಬಾರದೆಂದು ಅವುಗಳನ್ನು ಸ್ವಂತ ವೆಚ್ಚದಲ್ಲಿ ಮುದ್ರಿಸಿ ಹಂಚಿಸಿದರು.

1905ರಲ್ಲಿ ನ್ಯೂಯಾರ್ಕ್‌ನ ಕೊಲಂಬಸ್ ವೃತ್ತದಲ್ಲಿ ಅವರ ಯೋಜನೆಯಂತೆ ಏಕಮುಖ ಸುತ್ತು ಸಂಚಾರ ಜಾರಿಗೆ ಬಂದಿತು. ಲಂಡನ್ ಮತ್ತು ಪ್ಯಾರಿಸ್ ನಗರಗಳ ಸಂಚಾರ ಯೋಜನೆಗಳಿಗೂ ಅವರು ನೆರವಾದರು. ಸಂಚಾರ ನಿಯಂತ್ರಣದ ಅಧ್ಯಯನಕ್ಕಾಗಿ 1921ರಲ್ಲಿ ಅವರು ಸ್ಥಾಪಿಸಿದ ಸಂಸ್ಥೆಯು ಇಂದಿಗೂ ಕಾರ್ಯನಿರ್ವಹಿಸುತ್ತಿದೆ. 1945ರ ಡಿಸೆಂಬರ್ 3ರಂದು ಅವರು ನಿಧನರಾದರು. ಅಸಂಖ್ಯ ಚಾಲಕರಿಗೆ ದಾರಿ ಸುಗಮಗೊಳಿಸಿದ ಅವರು ಸ್ವತಃ ಮೋಟಾರು ವಾಹನ ಚಾಲನೆಯನ್ನು ಕಲಿಯಲಿಲ್ಲವೆಂದು ಹೇಳಲಾಗುತ್ತದೆ.

ಮಾಹಿತಿ ಒದಗಿಸಿದ ಮಾತ್ರಕ್ಕೆ ದಟ್ಟಣೆ ಕರಗುವುದಿಲ್ಲ. ಅದನ್ನು ಪಡೆದವರು ಪಾಲಿಸಿದಾಗ ಮಾತ್ರ ಫಲ ದೊರೆಯುತ್ತದೆ. ಆದ್ದರಿಂದ ನಾಗರಿಕರು ಹೊರಡುವ ಮುನ್ನವೇ ಸಂಚಾರ ಮಾಹಿತಿಯನ್ನು ಪರಿಶೀಲಿಸಿ, ಸಾಧ್ಯವಿದ್ದಲ್ಲಿ ಬದಲಿ ಮಾರ್ಗ ಅಥವಾ ಸಮಯವನ್ನು ಆರಿಸಿಕೊಳ್ಳುವುದು ಹಾಗೂ ಚಾಲನೆಯ ವೇಳೆ ಮೊಬೈಲ್ ಬಳಸದಿರುವುದು ಅಪೇಕ್ಷಣೀಯ.