ಕುಲುಮೆಯ ಮನೆಯ ಗಣಿತಜ್ಞ

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ ದೊಲೊಮ್ಯೊ ಎಂಬ ಚಿಕ್ಕ ಊರಿದೆ. ಅಲ್ಲಿನ ಕಮ್ಮಾರ ಜೋಸೆಫ್ ಕಾರ್ತಾನರ ಮನೆಯಲ್ಲಿ 1869ರ ಏಪ್ರಿಲ್ 9ರಂದು ಎಲಿ ಕಾರ್ತಾನ್ ಜನಿಸಿದರು. ಅಡಿಗಲ್ಲಿನ ಮೇಲೆ ಬೀಳುವ ಸುತ್ತಿಗೆಯ ಸದ್ದನ್ನು ಕೇಳುತ್ತಲೇ ಅವರ ಬಾಲ್ಯ ಕಳೆಯಿತು. ಬಡತನದ ಸಂಸಾರ, ಮಗನನ್ನು ದೂರದ ಶಾಲೆಗೆ ಕಳುಹಿಸುವ ಶಕ್ತಿ ತಂದೆಗಿರಲಿಲ್ಲ.

ಒಮ್ಮೆ ಆಂತೊನಾಂ ದ್ಯುಬೋ ಎಂಬುವರು ಊರಿನ ಶಾಲೆಯನ್ನು ಪರಿಶೀಲಿಸಲು ಬಂದರು. ಮುಂದೆ ಫ್ರಾನ್ಸಿನ ಸೆನೆಟ್ ಸಭೆಗೆ ಅಧ್ಯಕ್ಷರಾದವರು ಇವರೇ. ನಾಚಿಕೆಯ ಸ್ವಭಾವದ ಆ ಬಾಲಕನ ಬುದ್ಧಿಶಕ್ತಿಗೆ ಅವರು ಬೆರಗಾದರು. ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರುವಂತೆ ಪ್ರೋತ್ಸಾಹಿಸಿದರು. ಶಾಲೆಯ ಉಪಾಧ್ಯಾಯರು ಅವನನ್ನು ಪರೀಕ್ಷೆಗೆ ಸಿದ್ಧಗೊಳಿಸಿದರು. ವೇತನ ದೊರೆಯಿತು, ಓದು ಸಾಗಿತು. 1888ರಲ್ಲಿ ಕಾರ್ತಾನರು ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಎಂಬ ಪ್ರಸಿದ್ಧ ವಿದ್ಯಾಲಯವನ್ನು ಸೇರಿದರು. 1894ರಲ್ಲಿ ಡಾಕ್ಟರೇಟ್ ಪದವಿ ಪಡೆದು, ಮೋಂಪೆಲಿಯೆ, ಲಿಯೋಂ, ನಾನ್ಸಿ ನಗರಗಳಲ್ಲಿ ಬೋಧಿಸಿ, 1909ರಲ್ಲಿ ಪ್ಯಾರಿಸ್ಸಿಗೆ ಮರಳಿದರು.

ಅವರ ಸಾಧನೆಯ ಸ್ವರೂಪವನ್ನು ಒಂದು ಸರಳ ಉದಾಹರಣೆಯಿಂದ ತಿಳಿಯಬಹುದು. ಒಬ್ಬನು ಬೆಟ್ಟವನ್ನು ಹತ್ತುತ್ತಿದ್ದಾನೆಂದು ಭಾವಿಸೋಣ. ಎತ್ತರವು 1 ಕಿಲೋಮೀಟರು ಹೆಚ್ಚಿದರೆ ಉಷ್ಣತೆಯು 6 ಡಿಗ್ರಿ ಇಳಿಯುತ್ತದೆ. ಅವನು ಗಂಟೆಗೆ ಅರ್ಧ ಕಿಲೋಮೀಟರು ಎತ್ತರವನ್ನು ಏರುತ್ತಾನೆ. ಹಾಗಾದರೆ ಅವನಿಗೆ ತೋರುವ ಉಷ್ಣತೆ ಗಂಟೆಗೆ 3 ಡಿಗ್ರಿ ಇಳಿಯುತ್ತದೆ. ಹೀಗೆ ಎರಡು ದರಗಳನ್ನು ಗುಣಿಸಿ ಮೂರನೆಯದನ್ನು ಪಡೆಯುವುದೇ ಸರಪಣಿ ನಿಯಮ. ಇದು ಕಾರ್ತಾನರಿಗಿಂತ ಬಹು ಹಿಂದಿನದು.

ಇನ್ನು, ಇಡುವ ಪ್ರತಿಯೊಂದು ಪುಟ್ಟ ಹೆಜ್ಜೆಗೂ ಅದರ ಸ್ಥಳ, ದಿಕ್ಕು, ಉದ್ದಗಳಿಗೆ ತಕ್ಕ ಸಂಖ್ಯೆಯೊಂದನ್ನು ಗೊತ್ತುಮಾಡುವ ನಿಯಮಕ್ಕೆ ಅವಕಲ ರೂಪವೆಂದು ಹೆಸರು. ವಕ್ರರೇಖೆಯೊಂದರ ಗುಂಟ ಸಾಗುತ್ತ ಈ ಸಂಖ್ಯೆಗಳನ್ನು ಕೂಡಿಸಿದರೆ ಒಂದು ಮೊತ್ತ ಬರುತ್ತದೆ. ಪಯಣಿಗನು ಬೇಗ ನಡೆದರೂ ನಿಧಾನವಾಗಿ ನಡೆದರೂ ಆ ಮೊತ್ತ ಒಂದೇ. ವೇಗ ಎರಡರಷ್ಟಾದರೆ ಗಂಟೆಗೆ ಕೂಡುವ ಮೊತ್ತವೂ ಎರಡರಷ್ಟಾಗುತ್ತದೆ, ಆದರೆ ಹಿಡಿಯುವ ಕಾಲ ಅರ್ಧವಾಗುತ್ತದೆ. ಇದು ಸರಪಣಿ ನಿಯಮದ ಫಲ. ಆದರೆ ದಾರಿಯೇ ಬೇರೆಯಾದರೆ ಮೊತ್ತವೂ ಬೇರೆಯಾಗಬಹುದು. ಈ ವ್ಯತ್ಯಾಸದ ಮೂಲವನ್ನು ಪ್ರತಿ ಬಿಂದುವಿನಲ್ಲಿಯೂ ಅಳೆಯುವ ಕ್ರಮವನ್ನು ಕಾರ್ತಾನರು 1899ರ ಪ್ರಬಂಧದಲ್ಲಿ ನಿರೂಪಿಸಿದರು. ಅದಕ್ಕೆ ಬಾಹ್ಯ ಅವಕಲನವೆಂದು ಹೆಸರಾಯಿತು. ಅಳತೆಯ ಚೌಕಟ್ಟನ್ನು ಒಂದೆಡೆ ನೆಟ್ಟು ನಿಲ್ಲಿಸದೆ, ಚಲಿಸುವ ಬಿಂದುವಿನೊಡನೆಯೇ ಕೊಂಡೊಯ್ಯುವ ವಿಧಾನವನ್ನೂ ಅವರು ಬಹುವಾಗಿ ಬೆಳೆಸಿದರು.

ಈ ಕಾರ್ಯದ ಹಿರಿಮೆ ಸಮಕಾಲೀನರಿಗೆ ಬೇಗನೆ ತಿಳಿಯಲಿಲ್ಲ. ಅವರ ಬರಹ ಕಠಿನವಾಗಿತ್ತು. ಅವರೂ ಕೀರ್ತಿಯ ಬೆನ್ನು ಹತ್ತಿದವರಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ಆಸ್ಪತ್ರೆಯಾಗಿ ಮಾರ್ಪಟ್ಟಿದ್ದ ತಮ್ಮ ಹಳೆಯ ವಿದ್ಯಾಲಯದಲ್ಲಿ ಸಾರ್ಜೆಂಟರಾಗಿ ಸೇವೆ ಸಲ್ಲಿಸುತ್ತಲೇ ಸಂಶೋಧನೆಯನ್ನು ಮುಂದುವರಿಸಿದರು. 1929ರಲ್ಲಿ ಐನ್‌ಸ್ಟೈನರೊಡನೆ ಗಹನವಾದ ಪತ್ರವ್ಯವಹಾರ ಮೊದಲಾಯಿತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆತದ್ದು 1931ರಲ್ಲಿ, ಅರವತ್ತು ದಾಟಿದ ಮೇಲೆ.

ಮನ್ನಣೆಯ ಜೊತೆಯಲ್ಲಿಯೇ ದುಃಖವೂ ಬಂದಿತು. ಸಂಗೀತ ರಚನೆಯಲ್ಲಿ ಹೆಸರು ಗಳಿಸುತ್ತಿದ್ದ ಮಗ ಜಾನ್ 1932ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಭೌತವಿಜ್ಞಾನಿಯಾದ ಮಗ ಲೂಯಿ ನಾಟ್ಸಿಗಳ ವಿರುದ್ಧ ಗುಪ್ತ ಹೋರಾಟದಲ್ಲಿ ತೊಡಗಿ 1942ರಲ್ಲಿ ಸೆರೆಸಿಕ್ಕನು. 1943ರಲ್ಲಿ ಅವನಿಗೆ ಮರಣದಂಡನೆಯಾಯಿತು. ಮಗನ ದಾರಿ ಕಾಯುತ್ತಿದ್ದ ತಾಯಿತಂದೆಗಳಿಗೆ ಆ ಸುದ್ದಿ ತಲುಪಿದ್ದು 1945ರಲ್ಲಿ. ಎಪ್ಪತ್ತೈದು ಮೀರಿದ ವಯಸ್ಸಿನಲ್ಲಿ ಈ ಪೆಟ್ಟು ತಿಂದರೂ ಕಾರ್ತಾನರು ಬೋಧನೆಯನ್ನು ಕೈಬಿಡಲಿಲ್ಲ. ಬಾಳಿನ ಕೊನೆಯ ವರ್ಷಗಳಲ್ಲಿ ಅವರು ಯುವತಿಯರ ವಿದ್ಯಾಲಯದಲ್ಲಿ ಗಣಿತವನ್ನು ಕಲಿಸಿದರು. 1951ರ ಮೇ 6ರಂದು ಪ್ಯಾರಿಸ್ಸಿನಲ್ಲಿ ನಿಧನ ಹೊಂದಿದರು. ಹಿರಿಯ ಮಗ ಆನ್ರಿ ತಂದೆಯಂತೆಯೇ ಶ್ರೇಷ್ಠ ಗಣಿತಜ್ಞನೆನಿಸಿ, 2008ರವರೆಗೆ ಬಾಳಿದರು.

ವಿದ್ಯುತ್ತು, ಕಾಂತತ್ವ, ಸಾಪೇಕ್ಷತಾ ಸಿದ್ಧಾಂತಗಳನ್ನು ಆಳವಾಗಿ ಅಭ್ಯಸಿಸುವವರು ಇಂದಿಗೂ ಕಾರ್ತಾನರ ಕ್ರಮವನ್ನು ಬಳಸುತ್ತಾರೆ. ಆ ವಿದ್ಯೆಗೆ ಮೊದಲ ದಾರಿ ತೆರೆದದ್ದು ಹಳ್ಳಿಯ ಶಾಲೆ, ಬಡ ಬಾಲಕನೊಬ್ಬನನ್ನು ಗುರುತಿಸಿದ ಹಿರಿಯರು ಮತ್ತು ಅವನಿಗಾಗಿ ಶ್ರಮಿಸಿದ ಒಬ್ಬ ಉಪಾಧ್ಯಾಯರು.