ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರ ಅಭ್ಯಾಸಕ್ರಮ

ಪುಸ್ತಕವಿಲ್ಲ, ದೀಪವಿಲ್ಲ, ವೇಳೆಯಿಲ್ಲ ಎಂಬ ಮೂರು ಕಾರಣಗಳನ್ನು ವಿದ್ಯಾರ್ಥಿಗಳು ಗುರುಗಳ ಮುಂದೆ ಹೇಳುತ್ತ ಬಂದಿರುವದು ಇಂದು ನಿನ್ನೆಯ ಮಾತಲ್ಲ. ಪುಸ್ತಕವೂ ದೀಪವೂ ಎಂದೆಂದಿಗೂ ಉಪಯೋಗಕ್ಕೆ ಬಾರದಂಥ ವಿದ್ಯಾರ್ಥಿಯೊಬ್ಬನು, ತನ್ನ ಪಾಲಿಗೆ ಉಳಿದ ವೇಳೆಯೊಂದನ್ನೇ ಬಂಡವಾಳವನ್ನಾಗಿ ಮಾಡಿಕೊಂಡು ಉಭಯಗಾನ ವಿಶಾರದನೆನಿಸಿದ ವೃತ್ತಾಂತವನ್ನು ವಾಚಕ ಮಹಾಶಯರ ಮುಂದಿಡುವದು ಈ ಲೇಖನದ ಉದ್ದೇಶವಾಗಿರುತ್ತದೆ. ಈ ಮಹನೀಯರ ಸೇವೆಗೆ ನಮ್ಮ ರೋಣ ಸೀಮೆಯ ನೆಲದ ಸಂಬಂಧವೂ ಉಂಟಾದ್ದರಿಂದ ಅದನ್ನು ಇಲ್ಲಿ ಸ್ಮರಿಸುವದು ಉಚಿತವೇ ಸರಿ.

ಗವಾಯಿಗಳವರು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892 ನೆಯ ಇಸವಿಯಲ್ಲಿ ಚರಂತಿಮಠದ ಗುರುಪಾದಯ್ಯನವರು ಹಾಗೂ ನೀಲಮ್ಮನವರ ಉದರದಲ್ಲಿ ಜನಿಸಿದರು. ಬಾಲ್ಯದ ಹೆಸರು ಗದಿಗೆಯ್ಯ. ಇವರೂ ಇವರ ಅಣ್ಣನೂ ಜನ್ಮಾಂಧರು. ಬಡ ಮನೆತನದಲ್ಲಿ ಇಬ್ಬರು ಅಂಧ ಬಾಲಕರು ಹುಟ್ಟಿದರೆ ಆ ಕಾಲದಲ್ಲಿ ಅವರ ಗತಿ ಏನೆಂಬುದನ್ನು ವಿವರಿಸಬೇಕಾದುದಿಲ್ಲ. ಹಾನಗಲ್ಲ ವಿರಕ್ತಮಠದ ಪೂಜ್ಯ ಶ್ರೀ ಕುಮಾರಸ್ವಾಮಿಗಳವರು ಈ ಬಾಲಕರ ಕಂಠವನ್ನು ಗುರುತಿಸಿ, ಅವರ ವಿದ್ಯಾಭ್ಯಾಸದ ಹೊಣೆಯನ್ನು ತಾವೇ ಹೊತ್ತುಕೊಂಡರು. ಮುಂದೆ ಗದಿಗೆಯ್ಯನು ಪಂಚಾಕ್ಷರಿಯಾದುದೂ ಅವರ ಕೃಪೆಯಿಂದಲೇ.

ಗವಾಯಿಗಳವರ ವಿದ್ಯೆಯನ್ನು ದೈವದತ್ತವೆಂದು ಹೊಗಳಿ ಕೈಮುಗಿದು ಬಿಡುವ ರೂಢಿ ನಮ್ಮಲ್ಲಿ ಬಹಳವಾಗಿದೆ. ಇದರಲ್ಲಿ ಭಕ್ತಿಯಿದ್ದರೂ ಅವರ ಪರಿಶ್ರಮಕ್ಕೆ ಅನ್ಯಾಯವಿದೆಯೆಂದು ನಮ್ಮ ಅಭಿಪ್ರಾಯ. ಕಣ್ಣುಳ್ಳವನು ಮರೆತರೆ ಹಾಳೆಯನ್ನು ತಿರುವಿ ನೋಡಬಹುದು. ಕಣ್ಣಿಲ್ಲದವನು ಮರೆತರೆ ಪುನಃ ಗುರುವಿನ ಬಾಯಿಗಾಗಿ ಕಾಯಬೇಕು. ಆದುದರಿಂದ ಕೇಳಿದ ಪಾಠವನ್ನು ಅಂದಂದೇ, ಅದರ ಧ್ವನಿ ಕಿವಿಯಲ್ಲಿ ಆರುವದರೊಳಗೇ, ಆವೃತ್ತಿ ಮಾಡಿ ನೆಲೆಗೊಳಿಸುವದು ಅಂಥವನಿಗೆ ಅನಿವಾರ್ಯ. ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದರೂಪಗಳನ್ನೂ ಕಂಠಸ್ಥ ಮಾಡಿದ ನಮ್ಮಂಥವರಿಗೆ ಇದರ ಮರ್ಮ ತಿಳಿದೇ ಇದೆ: ಸಾಯಂಕಾಲ ತಿರುವಿಹಾಕದ ಪಾಠವು ಮುಂಜಾನೆಗೆ ಅಪರಿಚಿತವಾಗಿ ನಿಲ್ಲುತ್ತದೆ. ಆದರೆ ನಮಗೆ ಪುಸ್ತಕದ ಬೆಂಬಲವಿದ್ದಿತು; ಅವರಿಗೆ ಅದೂ ಇದ್ದಿಲ್ಲ.

ಅವರು ಮೊದಲು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದರು. ಬಳಿಕ ನೀಲಕಂಠಬುವಾ ಮಿರಜಕರ ಅವರಲ್ಲಿಯೂ, ಕಿರಾನಾ ಪರಂಪರೆಯ ಉಸ್ತಾದ ಅಬ್ದುಲ್ ವಹೀದ ಖಾನರಲ್ಲಿಯೂ ಹಿಂದುಸ್ತಾನಿ ಪದ್ಧತಿಯ ಪಾಠವಾಯಿತು. ಇಲ್ಲಿ ತುಸು ನಿಂತು ವಿಚಾರಿಸತಕ್ಕುದಿದೆ. ಈ ಎರಡು ಪದ್ಧತಿಗಳ ಅಭ್ಯಾಸಕ್ರಮಗಳೇ ಬೇರೆ. ಕರ್ನಾಟಕ ಸಂಗೀತದಲ್ಲಿ ಸರಳೆ, ಜಂಟಿ, ಅಲಂಕಾರ, ಗೀತ, ವರ್ಣ, ಕೃತಿ ಎಂದು ಮೆಟ್ಟಿಲುಗಳಿವೆ. ಮೊದಮೊದಲಿನ ಪಾಠಗಳನ್ನು ಮೂರು ಕಾಲಗಳಲ್ಲಿ ಹಾಡಿ ಮೇಲೇರಬೇಕು. ವಿದ್ಯಾರ್ಥಿಗೆ ತಾನು ಎಷ್ಟು ದೂರ ಬಂದೆನೆಂಬ ಲೆಕ್ಕ ಸಿಕ್ಕುತ್ತದೆ. ಖಯಾಲಿನ ಅಭ್ಯಾಸವು ಬಾವಿ ತೋಡಿದಂತೆ. ಒಂದೇ ರಾಗ, ವಿಲಂಬಿತ ಲಯ, ಒಂದೊಂದೇ ಸ್ವರದ ಬೆಳವಣಿಗೆ. ತಿಂಗಳುಗಳು ಕಳೆದರೂ ನಿಂತಲ್ಲಿಯೇ ನಿಂತಂತೆ ತೋರುವದು. ವಹೀದ ಖಾನರಂತೂ ಅತಿ ನಿಧಾನದ ಆಲಾಪಕ್ಕೇ ಹೆಸರಾದವರು. ಏರುವ ಅಭ್ಯಾಸದಲ್ಲಿ ಪಳಗಿದ ಶಿಷ್ಯನು ಇಳಿಯುವ ಅಭ್ಯಾಸಕ್ಕೆ ಒಗ್ಗುವದು ಸುಲಭವಲ್ಲ.

ಇದಲ್ಲದೆ ಹೆಸರುಗಳ ತೊಡಕೂ ಇದೆ. ಕರ್ನಾಟಕದ ತೋಡಿಯ ಸ್ವರಗಳು ಹಿಂದುಸ್ತಾನಿಯ ಭೈರವಿಯವು; ಹಿಂದುಸ್ತಾನಿಯ ತೋಡಿಯ ಸ್ವರಗಳು ಕರ್ನಾಟಕದಲ್ಲಿ ಶುಭಪಂತುವರಾಳಿಯವು; ಅಲ್ಲಿಯ ಹಿಂದೋಳವು ಇಲ್ಲಿ ಮಾಲಕಂಸವೆನಿಸುವದು. ಬರೆದಿಟ್ಟುಕೊಳ್ಳಲಾರದ ವಿದ್ಯಾರ್ಥಿಯು ಇವೆರಡನ್ನೂ ಒಂದೇ ನೆನಪಿನಲ್ಲಿ, ಒಂದಕ್ಕೊಂದು ತಾಕದಂತೆ, ಬೇರೆ ಬೇರೆ ಗೂಡುಗಳಲ್ಲಿಟ್ಟುಕೊಳ್ಳಬೇಕಾಯಿತು. ಉಭಯಗಾನ ವಿಶಾರದರೆಂಬ ಬಿರುದಿನ ತೂಕವನ್ನು ಇದರ ಮೇಲಿಂದ ಅಳೆಯಬೇಕು.

ಹಿಂದುಸ್ತಾನಿ ಪದ್ಧತಿಯು ವಿದ್ಯಾರ್ಥಿಗೆ ಮಾಡುವ ಒಂದು ಉಪಕಾರವನ್ನು ಹೇಳದೆ ಬಿಡಲಾಗದು. ರಾಗಗಳನ್ನು ಜಾವಗಳಿಗೆ ಹಂಚಿರುವದರಿಂದ ಅಭ್ಯಾಸದ ವೇಳಾಪತ್ರಿಕೆಯು ವಿದ್ಯೆಯ ಒಳಗೇ ಅಡಗಿದೆ. ನಸುಕಿಗೆ ಭೈರವ, ಮುಂಜಾನೆಗೆ ತೋಡಿ, ನಡುಹಗಲಿಗೆ ಸಾರಂಗ, ಇಳಿಹೊತ್ತಿಗೆ ಮುಲ್ತಾನಿ, ದೀಪ ಹಚ್ಚಿದ ಮೇಲೆ ಯಮನ, ತಡರಾತ್ರಿಗೆ ಮಾಲಕಂಸ. ಮುಂಜಾನೆಯ ಆಲಸ್ಯವನ್ನು ರಾತ್ರಿ ತೀರಿಸುವೆನೆಂದರೆ ರಾಗವು ಒಪ್ಪುವದಿಲ್ಲ. ಹಗಲಿರುಳುಗಳ ಬೆಳಕನ್ನು ಕಾಣದ ಬಾಲಕನಿಗೆ ಸ್ವರವೇ ಹೊತ್ತನ್ನು ತಿಳಿಸುವ ಗಡಿಯಾರವಾಗಬಲ್ಲದು.

ಪೂಜ್ಯ ಕುಮಾರಸ್ವಾಮಿಗಳವರು 1909 ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಸಂಗತಿ ಸರ್ವವಿದಿತ. ನಸುಕಿನಲ್ಲೇಳುವದು, ಸ್ನಾನ, ಶಿವಪೂಜೆ, ಯೋಗ, ಪಾಠ ಎಂದು ದಿನವನ್ನು ಕಟ್ಟಿಟ್ಟ ಆ ವಾತಾವರಣದಲ್ಲಿಯೇ ಗವಾಯಿಗಳವರು ಬೆಳೆದರು. ಸದರಿ ಮಂದಿರದ ಶಾಖೆಯಿರುವ ರೋಣ ಸೀಮೆಯ ನಿಡಗುಂದಿಕೊಪ್ಪದಲ್ಲಿ ಅವರು ಅಂಧ ಹಾಗೂ ಅನಾಥ ಬಾಲಕರನ್ನು ಕೂಡಿಸಿಕೊಂಡು ಸಂಗೀತವನ್ನು ಕಲಿಸತೊಡಗಿದರು. (ಈ ಗ್ರಾಮವು ಈಗ ಗಜೇಂದ್ರಗಡ ತಾಲೂಕಿಗೆ ಸೇರಿರುವದು.) ಮುಂದೆ ಆ ಪಾಠಶಾಲೆ ಸಂಚಾರಿಯಾಯಿತು. ಊರು ಬದಲಾಗುವದು, ಇಳಿದುಕೊಳ್ಳುವ ಮಠ ಬದಲಾಗುವದು, ಉಣ್ಣುವ ಮನೆ ಬದಲಾಗುವದು. ಪಾಠದ ಹೊತ್ತು ಮಾತ್ರ ಬದಲಾಗಕೂಡದು. ನೆಲೆಯಿಲ್ಲದ ಶಾಲೆಗೆ ಹೊತ್ತೇ ಗೋಡೆ.

ಇದೇ ರೋಣದಲ್ಲಿ 1922 ರಲ್ಲಿ ಜನಿಸಿದ ಭೀಮಸೇನ ಜೋಶಿಯವರ ದಾರಿಯನ್ನು ಇದರೊಡನೆ ಹೋಲಿಸಿ ನೋಡುವದು ಸ್ವಾರಸ್ಯವಾಗಿದೆ. ಅವರು ಹನ್ನೊಂದರ ಪ್ರಾಯದಲ್ಲಿ ಮನೆ ಬಿಟ್ಟು, ಗುರುವನ್ನು ಹುಡುಕುತ್ತ ಉತ್ತರ ದೇಶವನ್ನೆಲ್ಲ ಅಲೆದು, ಕಟ್ಟಕಡೆಗೆ ಕುಂದಗೋಳದ ಸವಾಯಿ ಗಂಧರ್ವರಲ್ಲಿ ನೆಲೆಸಿದರು. ಅಲ್ಲಿ ಮುಂಜಾನೆ ತೋಡಿ, ಇಳಿಹೊತ್ತಿಗೆ ಮುಲ್ತಾನಿ, ಸಂಜೆ ಪೂರಿಯಾ ಎಂಬ ಮೂರು ರಾಗಗಳನ್ನೇ ವರ್ಷಗಟ್ಟಲೆ ಹಾಡಬೇಕಾಯಿತು. ಅವರು ಗುರುವನ್ನು ಅರಸುತ್ತ ಅಲೆದರು. ಗವಾಯಿಗಳವರ ಶಿಷ್ಯರು ಗುರುವಿನೊಡನೆಯೇ ಅಲೆದರು. ಹೊತ್ತಿನ ಕಟ್ಟು ಎರಡೂ ಕಡೆಗೆ ಒಂದೇ.

ಈ ಕಟ್ಟಿಗೆ ನಿಜವಾದ ಗಂಡಾಂತರ ಬಂದುದು ಹಸಿವಿನ ರೂಪದಿಂದ. ಕೂಡಿದ ಬಾಲಕರಿಗೆ ಅನ್ನ ಬೇಕು, ಬಟ್ಟೆ ಬೇಕು. ಭಿಕ್ಷೆಯಿಂದ ಸಾಗದಾದಾಗ ಗವಾಯಿಗಳವರು ಗುರುವಿನ ನಾಮವನ್ನೇ ಇಟ್ಟು ಒಂದು ಸಂಗೀತ ನಾಟಕ ಕಂಪನಿಯನ್ನು ಕಟ್ಟಿದರು. ಮಠದ ಆಶ್ರಯದಲ್ಲಿ ಬೆಳೆದವರಿಗೆ ನಾಟಕದ ಪರದೆ ಯುಕ್ತವೇ ಎಂಬ ಶಂಕೆ ಯಾರಲ್ಲಿಯಾದರೂ ಹುಟ್ಟುವದು ಸಹಜ. ಅದಕ್ಕಿಂತ ಗಹನವಾದ ಶಂಕೆ ಅಭ್ಯಾಸದ್ದು. ಆ ಕಾಲದ ಕಂಪನಿ ನಾಟಕಗಳು ರಾತ್ರಿಯ ಊಟದ ಮೇಲೆ ಆರಂಭವಾಗಿ ಬೆಳಗಿನ ಜಾವದ ವರೆಗೆ ಸಾಗುತ್ತಿದ್ದವು. ರಾತ್ರಿಯೆಲ್ಲ ರಂಗದ ಮೇಲೆ ಹಾಡಿದ ಬಾಲಕನು ಭೈರವದ ಹೊತ್ತಿಗೆ ಏಳುವದು ಹೇಗೆ? ಮೇಲಾಗಿ ಮತ್ತೊಮ್ಮೆ ಹಾಡೆಂದು ಕೂಗುವ ಜನರ ಚಪ್ಪಾಳೆ, ಬಾವಿ ತೋಡುವ ತಾಳ್ಮೆಗೆ ಒಳ್ಳೆಯ ನೆರೆಯಲ್ಲ. ರಂಗಭೂಮಿಯಿಂದ ಅವರ ಶಿಷ್ಯರಿಗೆ ಧೈರ್ಯವೂ ದಮ್ಮೂ ಬಂದವೆಂಬುದನ್ನು ಒಪ್ಪಿದರೂ, ಅದು ಅನ್ನಕ್ಕಾಗಿ ಕೊಟ್ಟ ಭಾರಿ ಬೆಲೆಯೆಂದೇ ನಾವು ಎಣಿಸುತ್ತೇವೆ. ಬಾಲಕರನ್ನು ಹಸಿದಿಟ್ಟು ನಿಯಮವನ್ನು ಕಾಯುವದೋ, ನಿಯಮವನ್ನು ತುಸು ಸಡಿಲಿಸಿ ಬಾಲಕರನ್ನು ಕಾಯುವದೋ ಎಂಬ ಪ್ರಶ್ನೆಗೆ ಗವಾಯಿಗಳವರು ಎರಡನೆಯದನ್ನು ಆರಿಸಿಕೊಂಡರು. ಅವರು ಮಾಡಿದ್ದು ಸರಿ.

ಪಾಠ ಕೆಡಲಿಲ್ಲವೆಂಬುದಕ್ಕೆ ಶಿಷ್ಯರೇ ಸಾಕ್ಷಿ. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು, ಅರ್ಜುನಸಾ ನಾಕೋಡರು ಅವರ ಕೈಯಲ್ಲಿಯೇ ತಯಾರಾದರು. 1936 ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆದಾಗ, ತರುಣ ಬಸವರಾಜರು ದೊಡ್ಡ ಸಭೆಯೆದುರು ಹಾಡಲು ಕುಳಿತರು. ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳೇ. ಗುರುವು ಶಿಷ್ಯನ ಲಯವನ್ನು ಕಾಯುತ್ತ ಕೂಡ್ರುವ ನೋಟವನ್ನು ಆ ಸಭಿಕರು ಕಂಡರು.

ಪೂಜ್ಯ ಕುಮಾರಸ್ವಾಮಿಗಳವರು 1930 ರಲ್ಲಿ ಲಿಂಗೈಕ್ಯರಾದ ತರುವಾಯವೂ ಗವಾಯಿಗಳವರು ಗುರುವಿತ್ತ ಕಾರ್ಯವನ್ನು ಬಿಡಲಿಲ್ಲ. ಸಂಚಾರಿ ಶಾಲೆಗೆ ಗದುಗಿನಲ್ಲಿ ಬಸರೀಗಿಡದ ವೀರಪ್ಪನವರ ನೆರವಿನಿಂದ ಸ್ಥಿರವಾದ ನೆಲೆ ದೊರೆಯಿತು. ಅದೇ ಇಂದಿನ ವೀರೇಶ್ವರ ಪುಣ್ಯಾಶ್ರಮ. 1944 ನೆಯ ಇಸವಿ ಜೂನ್ 11 ರಂದು ಗವಾಯಿಗಳವರು ಲಿಂಗೈಕ್ಯರಾದರು. ಅವರ ತರುವಾಯ, ಆರು ತಿಂಗಳ ಕೂಸಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳವರು ಆ ಭಾರವನ್ನು ಹೊತ್ತು 2010 ರ ವರೆಗೆ ನಡೆಯಿಸಿದರು. ಭಗವದ್ಗೀತೆಯನ್ನು ಅವರು ಬ್ರೈಲ್ ಲಿಪಿಯಲ್ಲಿ ರಚಿಸಿದರು. ಗುರುವಿನ ಕಾಲದಲ್ಲಿ ಕಿವಿಯೊಂದನ್ನೇ ನಂಬಿದ್ದ ವಿದ್ಯಾರ್ಥಿಗಳಿಗೆ ಬೆರಳಿನಿಂದ ಓದುವ ಪುಸ್ತಕವು ಹೀಗೆ ಒದಗಿ ಬಂದಿತು.